ಕೋವಿಯ ಜೊತೆ ಕತ್ತಿ: ಧರಿಸುವವರಿಗೊಂದು ಕೈಪಿಡಿ

ಪೆಟ್ಟಿಗೆಯಲ್ಲಿರುವುದು: ಕೋವಿ, ಪೀಚೆಕತ್ತಿ (ಕಿರುಗತ್ತಿ), ಒಡಿಕತ್ತಿ (ಅಗಲ ಅಲಗಿನ ಕತ್ತಿ), ಕಪ್ಪು ಕುಪ್ಯ (ಉದ್ದ ಮೇಲಂಗಿ), ಕೆಂಪು ರೇಷ್ಮೆಯ ಚೇಲೆ (ನಡುಪಟ್ಟಿ). ಶತ್ರುವನ್ನು ಕಂಪನಿ ಒದಗಿಸುವುದಿಲ್ಲ.

1. ಅರ್ಹತೆ: ಕೊಡವರಾಗಿರಬೇಕು, ಇಲ್ಲವೇ ಕೊಡಗಿನ ಜಮ್ಮಾ (ವಂಶಪಾರಂಪರ್ಯ) ಭೂಮಿಯ ಹಿಡುವಳಿದಾರರಾಗಿರಬೇಕು. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಸಿಕ್ಕ ಲೈಸೆನ್ಸ್ ವಿನಾಯಿತಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯೂ ಮುಂದುವರಿದು, ಈಗ 2029ರ ಅಕ್ಟೋಬರ್‌ವರೆಗೆ ವಿಸ್ತರಣೆಯಾಗಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ. ಲೈಸೆನ್ಸ್ ಬೇಡ ಎಂದರೆ ಲಂಗುಲಗಾಮು ಬೇಡ ಎಂದಲ್ಲ.

2. ಧರಿಸುವ ಕ್ರಮ: ಪೀಚೆಕತ್ತಿಯನ್ನು ಮುಂದೆ, ಚೇಲೆಗೆ ಸಿಕ್ಕಿಸಿ. ಬೆಳ್ಳಿ ಸರಪಳಿ ಹೊರಗೆ ಇಳಿಬಿದ್ದಿರಲಿ. ಫೋಟೋದಲ್ಲಿ ಕಾಣದಿದ್ದರೆ ನೆಂಟರು ವಿಚಾರಿಸುತ್ತಾರೆ. ಒಡಿಕತ್ತಿ ಬೆನ್ನ ಹಿಂದೆ, ಹಿತ್ತಾಳೆಯ ತೊಡಂಗಿನಲ್ಲಿ (ಕತ್ತಿ ಸಿಕ್ಕಿಸುವ ಹಿಡಿಕೆಯಲ್ಲಿ). ಬಾಗಿದ ಆ ಅಗಲ ಅಲಗಿಗೆ ಒರೆ ಇಲ್ಲ. ಕುರ್ಚಿಯಲ್ಲಿ ಕೂರುವ ಮುನ್ನ ಇದು ನೆನಪಿರಲಿ.

3. ಆತ್ಮರಕ್ಷಣೆ: ಕೋವಿ ಕೈಕೊಟ್ಟರೆ ಕತ್ತಿ ಎಂಬ ಲೆಕ್ಕಾಚಾರ ಸಿನಿಮಾದವರದು. ಇಲ್ಲಿ ಕತ್ತಿಗೆ ಎದುರಾಳಿ ಬಾಳೆದಿಂಡು. ಮದುವೆಯಲ್ಲಿ ನೆಟ್ಟ ದಿಂಡನ್ನು ಒಂದೇ ಏಟಿಗೆ ಕಡಿಯಬೇಕು. ಎರಡನೇ ಏಟು ಬೇಕಾದರೆ ಆಗ ಯಾರೂ ಏನೂ ಅನ್ನುವುದಿಲ್ಲ. ಮುಂದಿನ ಮದುವೆಯವರೆಗೂ ಅದನ್ನೇ ಅನ್ನುತ್ತಾರೆ. ಕೋವಿಯ ಎದುರಾಳಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿ. ಅದು ತಿರುಗಿ ಬೀಳುವುದಿಲ್ಲ ಎಂಬ ಧೈರ್ಯದಲ್ಲಿ ಮೈಮರೆಯಬೇಡಿ. ಅದರಾಚೆ ಯಾರದೋ ತೋಟವಿದೆ.

4. ಗುಂಡಿನ ಲೆಕ್ಕ: ಗಂಡು ಮಗು ಹುಟ್ಟಿದರೆ ಒಂದು, ಸಾವಾದರೆ ಎರಡು. ಉತ್ಸಾಹದಲ್ಲಿ ಎಣಿಕೆ ತಪ್ಪಿದರೆ ತೊಟ್ಟಿಲು ನೋಡಲು ಬರಬೇಕಾದವರು ಬಿಳಿಯುಟ್ಟು ಬಂದಾರು. ಸುಗ್ಗಿಯ ಹಬ್ಬ ಪುತ್ತರಿಗೆ ಕದಿರು ಕೊಯ್ಯುವಾಗಲೂ ಗುಂಡು ಉಂಟು, ಅದು ಆಕಾಶಕ್ಕೆ.

5. ವಿಶ್ರಾಂತಿ: ಗದ್ದೆ ನಾಟಿಯ ಕಾಲದಲ್ಲಿ ಆಯುಧಗಳು ಮನೆಯ ಪೂಜಾಕೋಣೆಯಾದ ಕನ್ನಿಕೋಂಬರೆ ಸೇರಲಿ. ಸೆಪ್ಟೆಂಬರ್ 3ರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್‌ನಂದು ಅವಕ್ಕೆ ತೋಕ್‌ಪೂ (ಕೋವಿ ಹೂ) ಮುಡಿಸಿ, ಪೂಜೆ ಮಾಡಿ, ಆಮೇಲೆಯೇ ಮುಟ್ಟುವುದು. ಅಷ್ಟರಲ್ಲಿ ಗದ್ದೆಗೆ ಕಾಡುಹಂದಿ ಬಂದರೆ? ಡಬ್ಬ ಬಡಿಯಿರಿ. ಪಂದಿಕರಿಯ (ಹಂದಿಮಾಂಸದ ಸಾರಿನ) ಆಸೆಯನ್ನು ಪೇಟೆಯ ಅಂಗಡಿಯಲ್ಲಿ ತೀರಿಸಿಕೊಳ್ಳಿ. ಅರಣ್ಯ ಇಲಾಖೆಯ ಕಿವಿ ಚುರುಕು.

6. ದೋಷ ಪರಿಹಾರ: ಬೇಲಿ ಜಗಳ, ಮೇಲೆರಡು ಪೆಗ್ಗು. ಇವೆರಡೂ ಸೇರಿದ ಹೊತ್ತಿನಲ್ಲಿ ಕೈ ಸೊಂಟದತ್ತ ಹೋಗತೊಡಗಿದರೆ ದೋಷ ಆಯುಧದಲ್ಲಿಲ್ಲ. ಪೂಜೆಗೆ ಕೋವಿ ಕಾಯುತ್ತದೆ, ಕೋಪ ಕಾಯುವುದಿಲ್ಲ. ಆದ್ದರಿಂದ ಕೋವಿಯಿಟ್ಟ ಕೋಣೆಯ ಬೀಗದ ಕೈ ಮನೆಯ ಹಿರಿಯರ ಬಳಿ ಇರಲಿ. ಹಿರಿಯರೇ ಬೇಲಿ ಹತ್ತಿರ ನಿಂತಿದ್ದರೆ, ಅಜ್ಜಿಯ ಬಳಿ.