ಖಾರಪ್ಪನವರ ಪರೀಕ್ಷಾ ಮಂಡಳಿ

ಬೆಂಗಳೂರಿನ ವಿಜಯನಗರವಿರಲಿ, ಮೈಸೂರಿನ ಕುವೆಂಪುನಗರವಿರಲಿ, ಬಡಾವಣೆಗೊಬ್ಬರು ಖಾರಪ್ಪನವರು ಇದ್ದೇ ಇರುತ್ತಾರೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ, ಇದು ಬೀದಿಯವರು ಇಟ್ಟದ್ದು. ಬ್ಯಾಂಕಿನಿಂದಲೋ ಟೆಲಿಫೋನ್ ಇಲಾಖೆಯಿಂದಲೋ ನಿವೃತ್ತರಾದ ಮರುವರ್ಷವೇ ಇವರ ತಾರಸಿಗೆ ಮಣ್ಣಿನ ಚೀಲಗಳು ಏರತೊಡಗುತ್ತವೆ. ಸೊಪ್ಪಿಗೊಂದು, ಟೊಮೆಟೊಗೊಂದು, ತೊಂಡೆಬಳ್ಳಿಗೊಂದು ಅಂತ ಕುಂಡ ಹಂಚುವ ಸಾಮಾನ್ಯ ಕೈತೋಟದವರ ಪಂಗಡಕ್ಕೆ ಇವರು ಸೇರಿದವರಲ್ಲ. ಇವರದು ಏಕದೇವೋಪಾಸನೆ. ಪೇಂಟಿನ ಖಾಲಿ ಡಬ್ಬಿ, ಒಡೆದ ಬಕೆಟ್, ಮೊಮ್ಮಗ ಸ್ನಾನ ಮಾಡುತ್ತಿದ್ದ ಟಬ್ಬು, ಎಲ್ಲದರಲ್ಲೂ ಮೆಣಸಿನಗಿಡ.

ಮದುವೆ ಮನೆಯಲ್ಲಿ ಇವರನ್ನು ಗುರುತಿಸುವುದು ಸುಲಭ. ಸಾರು ಬಡಿಸಿದ ಕೂಡಲೇ ಶರ್ಟಿನ ಜೇಬಿನಿಂದ ಎರಡು ಮೆಣಸಿನಕಾಯಿ ಹೊರಬರುತ್ತವೆ. ಒಂದನ್ನು ತೊಟ್ಟು ಹಿಡಿದು ಕಚ್ಚುತ್ತಾರೆ, ಇನ್ನೊಂದನ್ನು ಎಲೆಯ ಅಂಚಿನಲ್ಲಿ ಎದುರಿಗೆ ಕೂತವರಿಗೆ ಕಾಣುವಂತೆ ಇಡುತ್ತಾರೆ. "ಏನ್ ಸ್ವಾಮಿ, ಹಸಿದೇ ತಿಂತೀರಾ?" ಅಂತ ಪಕ್ಕದವರು ಕೇಳಬೇಕು. ಇವರು ಮದುವೆಗೆ ಬಂದದ್ದೇ ಈ ಪ್ರಶ್ನೆಗಾಗಿ.

ಈ ಲೇಖನದ ಖಾರಪ್ಪನವರ ಮೂಲ ಹಾವೇರಿ ಜಿಲ್ಲೆ. ಊರು ಹೇಳಿದ ತಕ್ಷಣ ಜನ, "ಓ, ಬ್ಯಾಡಗಿ ಕಡೆಯವರು! ಭಾರಿ ಖಾರ ಅಲ್ವಾ?" ಅನ್ನುತ್ತಾರೆ. ಇದು ಅವರ ಜನ್ಮದ ನೋವು. 2011ರಲ್ಲಿ ಭೌಗೋಳಿಕ ಗುರುತಿನ ಮುದ್ರೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಹೆಸರು ಮಾಡಿರುವುದು ಬಣ್ಣಕ್ಕೆ. ಮೈಯೆಲ್ಲ ಸುಕ್ಕಾದ ಆ ಕಾಯಿಯಿಂದ ತೆಗೆದ ಕೆಂಪು ಲಿಪ್‌ಸ್ಟಿಕ್ಕಿಗೂ ಉಗುರುಬಣ್ಣಕ್ಕೂ ಹೋಗುತ್ತದೆ. ಡಬ್ಬಿ, ಕಡ್ಡಿ ಎಂಬ ಅದರ ಎರಡು ತಳಿಗಳಲ್ಲಿ ಡಬ್ಬಿಯಂತೂ ಮಹಾ ಸಾಧು. ಖಾರದ ಕೀರ್ತಿಯನ್ನೆಲ್ಲ ಗುಂಟೂರಿನವರು ಹೊಡೆದುಕೊಂಡು ಹೋಗಿದ್ದಾರೆ. ತುಟಿಗೆ ಹಚ್ಚುವ ಮೆಣಸಿನಕಾಯಿಯ ಸೀಮೆಯಲ್ಲಿ ಹುಟ್ಟಿದ ಗಂಡಸು ತಾರಸಿ ಹತ್ತದೆ ಇನ್ನೇನು ಮಾಡಿಯಾನು?

ಆರಂಭ ಮಲೆನಾಡಿನ ಸೂಜಿಮೆಣಸಿನಿಂದ. ಅದು ಎರಡು ವರ್ಷಕ್ಕೇ ಸಪ್ಪೆಯೆನಿಸಿತು. ಆಮೇಲೆ ಈಶಾನ್ಯದ ಭೂತ್ ಜೊಲೋಕಿಯಾ ಬಂತು. 2007ರಲ್ಲಿ ಖಾರಕ್ಕೆ ಗಿನ್ನೆಸ್ ದಾಖಲೆ ಬರೆದದ್ದು, ಖಾರ ಅಳೆಯುವ ಸ್ಕೋವಿಲ್ ಮಾನದಲ್ಲಿ ಹತ್ತು ಲಕ್ಷ ದಾಟಿದ್ದು. ಈ ಬೀಜ ನಾಲ್ಕು ದಿನಕ್ಕೆ ತಲೆಯೆತ್ತುವ ಜಾತಿಯಲ್ಲ. ಬೆಚ್ಚಗಿನ ಜಾಗ ಬೇಕು, ವಾರಗಟ್ಟಲೆ ಕಾಯಬೇಕು. ಹೀಗಾಗಿ ಬೀಜದ ತಟ್ಟೆ ಫ್ರಿಜ್ಜಿನ ನೆತ್ತಿಯಿಂದ ದೇವರಮನೆಯ ದೀಪದ ಪಕ್ಕಕ್ಕೆ, ಅಲ್ಲಿಂದ ಸೆಟ್‌ಟಾಪ್ ಬಾಕ್ಸಿನ ಮೇಲಕ್ಕೆ ವರ್ಗವಾಗುತ್ತದೆ. ಬಾಕ್ಸು ಬೆಚ್ಚಗಿರಬೇಕಾದರೆ ಟಿವಿ ಓಡುತ್ತಿರಬೇಕು. ಯಾರೂ ನೋಡದ ಧಾರಾವಾಹಿಗಳು ಮೊಳಕೆಯ ಸಲುವಾಗಿ ರಾತ್ರಿಯಿಡೀ ಅಳುತ್ತಿರುತ್ತವೆ.

ಗಿಡ ಬಂದ ಮೇಲೆ ಎಲೆ ಮುದುಡುತ್ತದೆ. ಥ್ರಿಪ್ಸ್, ನುಸಿ, ಬಿಳಿನೊಣ, ಯಾವುದಾದರೂ ಒಂದು ತಪ್ಪದು. ಬೇವಿನೆಣ್ಣೆ, ಸೋಪಿನ ನೀರು, ಹುಳಿ ಮಜ್ಜಿಗೆಯ ಸಿಂಪಡಣೆ ನಡೆಯುತ್ತದೆ. ಮನೆಯವರ ಪಾಲಿನ ಮಜ್ಜಿಗೆ ಆ ವಾರ ನೀರಾಗಿರುತ್ತದೆ.

ಕಾಯಿ ಹಣ್ಣಾದ ದಿನದಿಂದ ಅತಿಥಿಗಳ ಕಷ್ಟ ಶುರು. 1912ರಲ್ಲಿ ಅಮೆರಿಕದ ಔಷಧ ತಜ್ಞ ವಿಲ್ಬರ್ ಸ್ಕೋವಿಲ್ ಖಾರ ಅಳೆಯಲು ಆರಿಸಿಕೊಂಡ ಉಪಕರಣ ಮನುಷ್ಯನ ನಾಲಿಗೆ. ಮೆಣಸಿನಕಾಯಿಯ ಸಾರಕ್ಕೆ ಸಕ್ಕರೆ ನೀರು ಬೆರೆಸುತ್ತಾ ಹೋಗುವುದು, ಐದು ಜನರ ಮಂಡಳಿ ರುಚಿ ನೋಡುತ್ತಾ ಬರುವುದು. ಖಾರ ಗೊತ್ತೇ ಆಗದ ಹಂತಕ್ಕೆ ಎಷ್ಟು ಪಟ್ಟು ತೆಳುವಾಗಿದೆಯೋ ಅಷ್ಟು ಸ್ಕೋವಿಲ್. ಈಗ ಪ್ರಯೋಗಾಲಯಗಳಲ್ಲಿ ಇದಕ್ಕೆ ಯಂತ್ರವಿದೆ. ಖಾರಪ್ಪನವರು ಮಾತ್ರ ಮೂಲ ಪದ್ಧತಿಗೇ ನಿಷ್ಠರು, ಸಕ್ಕರೆ ನೀರೊಂದನ್ನು ಬಿಟ್ಟು.

ಇದರಲ್ಲಿ ದುಷ್ಟತನವಿಲ್ಲ, ಅಸಹಾಯಕತೆ ಇದೆ. ಖಾರದ ಮೂಲವಸ್ತು ಕ್ಯಾಪ್ಸೈಸಿನ್ ದಿನವೂ ತಾಗುತ್ತಿದ್ದರೆ ನರಗಳು ಕ್ರಮೇಣ ದೂರು ಕೊಡುವುದನ್ನೇ ಕಡಿಮೆ ಮಾಡುತ್ತವೆ. ಖಾರಪ್ಪನವರ ನಾಲಿಗೆ ಎಂದೋ ಸ್ವಯಂನಿವೃತ್ತಿ ಪಡೆದಿದೆ. ತಾವು ಬೆಳೆದದ್ದು ಎಷ್ಟು ಘಾಟಿನದು ಅಂತ ತಿಳಿಯಲು ಅವರಿಗೀಗ ಇನ್ನೊಬ್ಬರ ಮುಖ ಬೇಕು. ಅದಕ್ಕೆಂದೇ ಒಂದು ಡೈರಿ ಇಟ್ಟಿದ್ದಾರೆ. "ವಿಮಾ ಏಜೆಂಟ್: ಕಿವಿ ಕೆಂಪು, ಬಿಕ್ಕಳಿಕೆ, ಪಾಲಿಸಿ ವಿಷಯ ಎತ್ತಲಿಲ್ಲ." "ಗ್ಯಾಸ್ ರಿಪೇರಿ ಹುಡುಗ: ಮೂಗು ಸೋರಿತು, ಇನ್ನೊಂದು ಕೇಳಿದ, ಊರು ಗುಂಟೂರಂತೆ."

ಕಣ್ಣೀರು ಸುರಿಸುತ್ತಾ ಕೂತವರಿಗೆ ಉಪನ್ಯಾಸವೂ ಉಂಟು. ಖಾರ ಬೀಜದಲ್ಲಿಲ್ಲ, ಬೀಜ ಅಂಟಿಕೊಂಡ ಬಿಳಿ ತಿರುಳಿನಲ್ಲಿದೆ. ಖಾರ ಒಂದು ರುಚಿಯಲ್ಲ, ನೋವು. ಬಿಸಿ ತಾಗಿದರೆ ಎಚ್ಚರಿಸುವ ಗ್ರಾಹಕವನ್ನೇ ಕ್ಯಾಪ್ಸೈಸಿನ್ ಕೆಣಕುವುದರಿಂದ ಬಾಯಿ ಸುಟ್ಟಿತೆಂದು ಮಿದುಳಿಗೆ ಸುಳ್ಳು ಸುದ್ದಿ ಹೋಗುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು. ಅತಿಥಿ ನೀರಿಗೆ ಕೈ ಚಾಚಿದರೆ ಖಾರಪ್ಪನವರು ಧಾರಾಳವಾಗಿ ಕೊಡುತ್ತಾರೆ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಹಾಲು ಮೊಸರೇ ಮದ್ದು ಅಂತ ಅವರಿಗೆ ಚೆನ್ನಾಗಿ ಗೊತ್ತು. ಆದರೆ ಪರೀಕ್ಷೆ ಮುಗಿಯುವ ಮೊದಲು ಉತ್ತರ ಪತ್ರಿಕೆ ಹೊರಗೆ ಬಿಡುವುದು ನಿಯಮಕ್ಕೆ ವಿರುದ್ಧ.

ಮೊಸರು ತರುವವರು ಮನೆಯಾಕೆ. ಖಾರದ ನಿಜವಾದ ಜ್ಞಾನ ಇರುವುದೂ ಅವರಲ್ಲೇ. ರಂಜಕ ಅರೆದು, ಬಾಳಕ ಒಣಗಿಸಿ, ಮಿರ್ಚಿ ಭಜಿ ಕರಿದು ನುರಿತ ಕೈ. ಜೊಲೋಕಿಯಾ ಮುಟ್ಟುವ ಮೊದಲು ಅಂಗೈಗೆ ಎಣ್ಣೆ ಸವರಿಕೊಳ್ಳುವುದನ್ನು ಯಾವ ವಿಜ್ಞಾನಿಯನ್ನೂ ಕೇಳಿ ಕಲಿತವರಲ್ಲ. ಒಂದು ಕಾಯಿಯ ಕಾಲುಭಾಗದಲ್ಲಿ ಇಡೀ ಮನೆಗೆ ಸಾರು ಮಾಡಿ ಮುಗಿಸುತ್ತಾರೆ, ಉಳಿದ ಬುಟ್ಟಿಯನ್ನು ಏನು ಮಾಡುವುದೆಂಬುದು ಅವರ ಚಿಂತೆ. ಅಸ್ಸಾಮಿನಲ್ಲಿ ಹೊಲಕ್ಕೆ ನುಗ್ಗುವ ಆನೆಗಳನ್ನು ತಡೆಯಲು ಬೇಲಿಯ ಹಗ್ಗಕ್ಕೆ ಇದೇ ಕಾಯಿಯನ್ನು ಅರೆದು ಬಳಿಯುತ್ತಾರೆಂದು ಗಂಡ ಒಮ್ಮೆ ಹೆಮ್ಮೆಯಿಂದ ಓದಿ ಹೇಳಿದ್ದೇ ತಪ್ಪಾಯಿತು. "ಆನಿ ಓಡಸೋದನ್ನ ಅಳಿಯಗ ಬಡಸ್ತೀರಲ್ರೀ, ಬುದ್ಧಿ ಐತೇನ್ರೀ ನಿಮಗ?"

ಗಂಡನ ಶೌರ್ಯಪುರಾಣ ಮಿತಿಮೀರಿದಾಗ ಆಕೆ ಒಂದೇ ಹೆಸರು ಎತ್ತುತ್ತಾರೆ, ಆನಂದಿತಾ ದತ್ತ ತಾಮುಲಿ. ಅಸ್ಸಾಮಿನ ಈ ಗೃಹಿಣಿ 2009ರಲ್ಲಿ ಕ್ಯಾಮೆರಾ ಮುಂದೆ ಎರಡು ನಿಮಿಷದಲ್ಲಿ 51 ಜೊಲೋಕಿಯಾ ತಿಂದು, ಸಾಲದೆಂಬಂತೆ ಬೀಜವನ್ನು ಕಣ್ಣಿಗೂ ಉಜ್ಜಿಕೊಂಡವರು. ಈ ಹೆಸರು ಕಿವಿಗೆ ಬಿದ್ದರೆ ಖಾರಪ್ಪನವರಿಗೆ ಗಿಡಕ್ಕೆ ನೀರು ಹಾಕುವುದು ನೆನಪಾಗುತ್ತದೆ.

ತಾರಸಿಯಲ್ಲಾದರೂ ನೆಮ್ಮದಿಯಿದೆಯೇ ಅಂದರೆ, ಅಲ್ಲಿ ಪಿಕಳಾರ ಹಕ್ಕಿಗಳು. ಹಕ್ಕಿಗಳಿಗೆ ಕ್ಯಾಪ್ಸೈಸಿನ್ ಖಾರವೇ ಅಲ್ಲ; ಹಣ್ಣು ತಿಂದು ಬೀಜವನ್ನು ಇಡಿಯಾಗಿ ದೂರ ಒಯ್ದು ಹಾಕುವ ಅವುಗಳಿಗೆ ಗಿಡ ಬಾಗಿಲು ತೆರೆದಿಟ್ಟಿದೆ, ಬೀಜ ಅಗಿದು ಹಾಳುಮಾಡುವ ಇಲಿಯಂಥ ಪ್ರಾಣಿಗಳಿಗೆ ಮಾತ್ರ ಈ ಉರಿ. ಪಾಠವೆಲ್ಲ ಖಾರಪ್ಪನವರಿಗೆ ಬಾಯಿಪಾಠ. ಆದರೂ ಅಂಗೈಯಗಲದ ಹಕ್ಕಿಯೊಂದು ಹತ್ತು ಲಕ್ಷ ಸ್ಕೋವಿಲ್ ನುಂಗಿ, ಕೊಕ್ಕು ಒರೆಸಿಕೊಂಡು, ಮುಖದಲ್ಲಿ ಯಾವ ವರದಿಯನ್ನೂ ಕೊಡದೆ ಹಾರಿಹೋಗುವುದನ್ನು ನೋಡುತ್ತಾ ನಿಲ್ಲುವುದು ಕಷ್ಟ. ಬಲೆ ಕಟ್ಟಿಸಿದ್ದಾರೆ.

ಈಚೆಗೆ ಅವರ ಮನಸ್ಸು ಪೆಪ್ಪರ್ ಎಕ್ಸ್ ಮೇಲಿತ್ತು. ಅಮೆರಿಕದ ಎಡ್ ಕರಿ 2013ರಲ್ಲಿ ತನ್ನ ಕೆರೊಲಿನಾ ರೀಪರ್‌ನಿಂದ ಗಿನ್ನೆಸ್ ಪಟ್ಟ ಹಿಡಿದು, 2023ರಲ್ಲಿ ಅದನ್ನು ತಾನೇ ಇಳಿಸಿ ಪಟ್ಟಕ್ಕೇರಿಸಿದ ತಳಿ, 26 ಲಕ್ಷ ಸ್ಕೋವಿಲ್ ಮೀರಿದ್ದು. ಅದರ ಬೀಜವನ್ನು ಆತ ಮಾರಾಟಕ್ಕೆ ಬಿಟ್ಟೇ ಇಲ್ಲ. ಹಾಗಿದ್ದೂ ಆನ್‌ಲೈನ್‌ನಲ್ಲಿ ಪೊಟ್ಟಣ ಸಿಕ್ಕಿತು, ಮನೆ ಬಾಗಿಲಿಗೇ ಬಂತು. ಟಿವಿ ಮತ್ತೆ ರಾತ್ರಿಯಿಡೀ ಓಡಿತು. ಗಿಡ ಸೊಂಪಾಗಿ ಎದ್ದು ಕಾಯಿ ಬಿಟ್ಟಿತು. ದಿನದಿನಕ್ಕೂ ಉಬ್ಬಿದ ಆ ಕಾಯಿ ಕೊನೆಗೆ ಹಸಿರು ಹಸಿರಾದ ದೊಣ್ಣೆಮೆಣಸಿನಕಾಯಿಯಾಗಿ ನಿಂತಿತು. ಸ್ಕೋವಿಲ್ ಪಟ್ಟಿಯಲ್ಲಿ ಅದರ ಸ್ಥಾನ ಸೊನ್ನೆ.

ಪಕ್ಕದ ಮನೆಯ ಕ್ಯಾಪ್ಸಿಕಮ್ ಗಿಡದ ಪರಾಗ ಹಾರಿಬಂದು ಹೀಗಾಯಿತೆಂದು ಖಾರಪ್ಪನವರು ತೀರ್ಪು ಕೊಟ್ಟರು. ಪರಾಗದ ಗುಣ ಈ ಕಾಯಿಗೆ ಬರುವುದಿಲ್ಲ, ಇದರ ಬೀಜದಿಂದ ಹುಟ್ಟುವ ಮುಂದಿನ ಗಿಡಕ್ಕೆ ಬರುತ್ತದೆ ಅಂತ ಇದೇ ತಾರಸಿಯಲ್ಲಿ ಎಷ್ಟೋ ಜನಕ್ಕೆ ಪಾಠ ಹೇಳಿದವರೂ ಅವರೇ. ಮನೆಯಾಕೆ ವಾದಕ್ಕೆ ಇಳಿಯಲಿಲ್ಲ. ಶೇಂಗಾ ಪುಡಿ ತುಂಬಿ ಪಲ್ಯ ಮಾಡಿ ರೊಟ್ಟಿಯ ಜೊತೆ ಬಡಿಸಿದರು. ಮೈಸೂರು ಕಡೆಯ ಅಳಿಯ ಪಕ್ಕದಲ್ಲಿ ಮೊಸರಿನ ಬಟ್ಟಲು ಇಟ್ಟುಕೊಂಡು ಹೆದರುತ್ತಲೇ ಒಂದು ತುತ್ತು ತಿಂದ, ನಂತರ ಮೂರು ಕಾಯಿ ಮುಗಿಸಿದ.

"ಮಾವ, ಇದನ್ನೇ ಇನ್ನೂ ನಾಲ್ಕು ಕುಂಡ ಹಾಕಿ."

ಖಾರಪ್ಪನವರು ಡೈರಿ ತೆರೆದು ಪೆನ್ನು ಹಿಡಿದೇ ಕೂತಿದ್ದರು. "ಕಿವಿಯಾದ್ರೂ ಸ್ವಲ್ಪ ಬಿಸಿ ಆತೇನ್ರಿ?" ಅಂತ ವಿಚಾರಿಸಿದರು.