ಕಾರಿನ ಕಣ್ಣು ತಿಕ್ಕುವ ಭಾನುವಾರ

ಭಾನುವಾರ ಬೆಳಿಗ್ಗೆ ಗಂಡಸೊಬ್ಬ ಟೂತ್‌ಪೇಸ್ಟಿನ ಟ್ಯೂಬು, ಹಳೇ ಬನಿಯನ್ನಿನ ಚೂರು, ಬಕೆಟ್ ನೀರು ಹಿಡಿದು ಮನೆಯಿಂದ ಹೊರಬಿದ್ದನೆಂದರೆ ಅವನ ಕಾರಿಗೆ ವಯಸ್ಸಾಗಿದೆ ಎಂದೇ ಲೆಕ್ಕ. ಉಂಡ ತಟ್ಟೆಯನ್ನು ಸಿಂಕಿಗೆ ಸಾಗಿಸುವುದೇ ಮಹೋಪಕಾರ ಎಂದುಕೊಂಡಿರುವ ಪುಣ್ಯಾತ್ಮ ಅವತ್ತು ಕುಕ್ಕುರುಗಾಲಲ್ಲಿ ಕೂತು ಹೆಡ್‌ಲೈಟ್ ತಿಕ್ಕುತ್ತಾನೆ. ಹೆಂಡತಿ ಕಿಟಕಿಯಲ್ಲಿ ಇಣುಕಿ, ಈ ಕೈಗಳಿಗೆ ಇಷ್ಟು ಕಸುವಿದೆಯೆಂಬುದನ್ನು ಮನಸ್ಸಿನಲ್ಲೇ ಬರೆದಿಟ್ಟುಕೊಳ್ಳುತ್ತಾಳೆ.

ಒಬ್ಬ ಕಾರಿನ ಮುಂದೆ ಕೂತರೆ ನಾಲ್ವರು ಸುತ್ತ ನಿಲ್ಲುವುದು ನಮ್ಮ ಅಪಾರ್ಟ್‌ಮೆಂಟುಗಳ ಧರ್ಮ. ಪೇಸ್ಟು ಬಿಳಿಯದೇ ಆಗಬೇಕು, ಜೆಲ್ ಆಗದು ಎನ್ನುತ್ತಾರೆ ಒಬ್ಬರು. ಅಡುಗೆ ಸೋಡಾಕ್ಕೆ ನಿಂಬೆಹಣ್ಣು ಹಿಂಡಿ ಅಂತ ಇನ್ನೊಬ್ಬರು. ಮೂರನೆಯವರು ದನಿ ತಗ್ಗಿಸಿ, ಸೊಳ್ಳೆ ಓಡಿಸುವ ಸ್ಪ್ರೇ ಹೊಡೆದು ಒರೆಸಿದರೆ ಕ್ಷಣದಲ್ಲಿ ಫಳಫಳ ಎಂದು ಮಂತ್ರೋಪದೇಶ ಮಾಡುತ್ತಾರೆ. ಯಾರೂ ಪೂರ್ತಿ ಸುಳ್ಳು ಹೇಳುತ್ತಿಲ್ಲ, ಅದೇ ಕಷ್ಟ. ಎಲ್ಲವೂ ಒಂದಿಷ್ಟು ಹೊಳೆಸುತ್ತವೆ. ಎಷ್ಟು ದಿನದ ಹೊಳಪು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಈ ಗೋಳಿರಲಿಲ್ಲ. ಅವುಗಳ ದುಂಡು ದೀಪದ ಮುಂದೆ ಇದ್ದದ್ದು ಗಾಜು. ಕಲ್ಲು ಬಿದ್ದರೆ ಒಡೆಯುತ್ತಿತ್ತೇ ಹೊರತು ಹಳದಿಯಾಗುತ್ತಿರಲಿಲ್ಲ. ಈಗಿನದು ಪಾಲಿಕಾರ್ಬೊನೇಟ್. 1953ರಲ್ಲಿ ಜರ್ಮನಿಯ ಬಾಯರ್ ಕಂಪನಿಯ ಹರ್ಮನ್ ಶ್ನೆಲ್, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಡೇನಿಯಲ್ ಫಾಕ್ಸ್ ಬೇರೆಬೇರೆಯಾಗಿಯೇ ಇದನ್ನು ತಯಾರಿಸಿದರು. ಹಗುರ, ಗಟ್ಟಿ, ಅಚ್ಚಿನಲ್ಲಿ ಹೇಗೆ ಬೇಕೋ ಹಾಗೆ ಬಾಗುತ್ತದೆ. ಈಗಿನ ಕಾರುಗಳ ಕಣ್ಣು ಕಿವಿಯ ತನಕ ಎಳೆದಂತಿರುವುದು ಈ ಮಹಾಶಯನ ಕೃಪೆಯಿಂದಲೇ. ಗುಂಡು ತಡೆಯುವ ಗಾಜುಗಳ ಪದರದಲ್ಲೂ ಇದೇ ಕೂತಿರುತ್ತದೆ. ಗುಂಡಿಗೆ ಜಗ್ಗದ ಈ ವೀರ ಬಿಸಿಲಿಗೆ ಮಾತ್ರ ಶರಣಾಗತ. ಅತಿನೇರಳೆ ಕಿರಣ ತಾಗಿ ತಾಗಿ ಹಳದಿಗೆ ತಿರುಗುತ್ತದೆ. ಕಾರ್ಖಾನೆಯವರಿಗೂ ಇದು ಗೊತ್ತು. ಅದಕ್ಕೇ ಮೇಲೊಂದು ತೆಳು ಗಟ್ಟಿ ಲೇಪ ಹಚ್ಚಿ ಕಳಿಸುತ್ತಾರೆ. ಹೆದ್ದಾರಿಯ ಮರಳು ಧೂಳು, ಬಿಸಿಲು ಸೇರಿ ಕೆಲವು ವರ್ಷಗಳಲ್ಲಿ ಆ ಲೇಪವನ್ನು ಉಣ್ಣುತ್ತವೆ. ಯಾವಾಗಲೂ ಒಂದೇ ಕಡೆ ಮುಖ ಮಾಡಿ ನಿಲ್ಲಿಸುವ ಕಾರಿನ ಬಿಸಿಲು ಬೀಳುವ ದೀಪವೇ ಮೊದಲು ಮಂಜಾಗುವುದು. ಹಾಗಂತ ಮರದಡಿ ನಿಲ್ಲಿಸಿದಿರೋ, ಕಾಗೆಗಳು ಬಾನೆಟ್ಟಿಗೆ ತಮ್ಮದೇ ಲೇಪ ಹಚ್ಚುತ್ತವೆ. ಯಾವುದು ಬೇಕೋ ಆರಿಸಿಕೊಳ್ಳಿ.

ಪೇಸ್ಟಿನಲ್ಲಿ ಹಲ್ಲು ಉಜ್ಜಲೆಂದು ಹಾಕಿದ ನುಣುಪು ಪುಡಿಯಿರುತ್ತದಲ್ಲ, ಅದು ಹೆಡ್‌ಲೈಟಿನ ಮೇಲಿನ ಕೆಟ್ಟ ಪದರವನ್ನೂ ಉಜ್ಜುತ್ತದೆ. ಜೊತೆಗೆ ಉಳಿದಿದ್ದ ಒಳ್ಳೆಯ ಲೇಪವನ್ನೂ ಸವೆಸಿ, ಬೆತ್ತಲೆ ಪ್ಲಾಸ್ಟಿಕ್ಕನ್ನು ಮತ್ತೆ ಬಿಸಿಲಿಗೆ ಒಪ್ಪಿಸುತ್ತದೆ. ಸೊಳ್ಳೆ ಸ್ಪ್ರೇ ಇನ್ನೂ ಮಹಾ ಕಿಲಾಡಿ. ಅದರಲ್ಲಿ ಡೀಟ್ ಎಂಬುದಿದ್ದರೆ ಅದು ಪ್ಲಾಸ್ಟಿಕ್ಕಿನ ಮೇಲ್ಮೈಯನ್ನೇ ಕರಗಿಸಿ ನುಣ್ಣಗೆ ಕಾಣಿಸುತ್ತದೆ. ಹೊಳಪು ನಾಲ್ಕು ದಿನದ್ದು, ಬಣ್ಣದ ಮೇಲೆ ತೊಟ್ಟಿಕ್ಕಿದ ಕಲೆ ಮಾತ್ರ ಕಾರಿರುವ ತನಕ.

ಸರಿಯಾದ ದಾರಿಯಲ್ಲಿ ಗುಟ್ಟೇನಿಲ್ಲ, ಬೆವರಿದೆ. ಸುತ್ತ ಟೇಪು ಅಂಟಿಸಿ, ನೀರು ಸುರಿಯುತ್ತಾ ಮರಳು ಕಾಗದದಿಂದ ಉಜ್ಜಬೇಕು: ಮೊದಲು 800, ಆಮೇಲೆ 1000, 1500, 2000, ತಾಳ್ಮೆಯಿದ್ದರೆ 3000. ಸಂಖ್ಯೆ ಏರಿದಷ್ಟೂ ಕಾಗದ ನುಣುಪು. ಮೊದಮೊದಲು ಹಳದಿ ರಾಡಿ ಇಳಿಯುತ್ತದೆ, ಅದು ಬೆಳ್ಳಗಾದರೆ ಹಳೇ ಪದರ ಹೋಯಿತೆಂದು ಅರ್ಥ. ಈ ಹಂತದಲ್ಲಿ ದೀಪ ಮೊದಲಿಗಿಂತ ಹತ್ತು ಪಟ್ಟು ಕೆಟ್ಟದಾಗಿ, ಸುಣ್ಣ ಬಳಿದಂತೆ ಕಾಣುತ್ತದೆ. ಮನೆಯವರು ಕಾಫಿ ತರುವುದು ಸರಿಯಾಗಿ ಇದೇ ಗಳಿಗೆಯಲ್ಲಿ. "ಚೆನ್ನಾಗಿದ್ದದ್ದನ್ನ ಏನ್ರೀ ಮಾಡಿದ್ರಿ?" ಇದಕ್ಕೆ ಉತ್ತರ ಕೊಡಬೇಡಿ. ಕಾಫಿ ಕುಡಿದು ಮುಂದಿನ ಕಾಗದ ಎತ್ತಿಕೊಳ್ಳಿ.

ಕೊನೆಗೆ ಪಾಲಿಶ್ ಹಚ್ಚಿ ತಿರುವಿದಾಗ ಒಳಗಿನ ಬಲ್ಬು ಕಾಣತೊಡಗುತ್ತದೆ ನೋಡಿ, ಅಲ್ಲಿಗೆ ಗಂಡಸಿನ ಕೆಲಸ ಮುಗಿಯಿತು. ಫೋಟೋ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುತ್ತಾನೆ; ಷಡ್ಡಕ ಹೆಬ್ಬೆರಳು ತೋರಿಸುತ್ತಾನೆ. ನಿಜವಾದ ಕೆಲಸ ಇನ್ನು ಮೇಲಿರುವುದು. ಅತಿನೇರಳೆ ಕಿರಣ ತಡೆಯುವ ಕ್ಲಿಯರ್ ಕೋಟನ್ನು, ಧೂಳಿಲ್ಲದ ಕಡೆ, ತೆಳುವಾಗಿ ಪದರ ಪದರವಾಗಿ ಹೊಡೆದು ಒಣಗಲು ಬಿಡಬೇಕು. ಎರಡು ಡಬ್ಬಿ ಬೆರೆಸುವ ಗಟ್ಟಿ ಜಾತಿಯದಾದರೆ ಅದರ ಹಬೆ ಶ್ವಾಸಕೋಶಕ್ಕೆ ಕೆಟ್ಟದ್ದು, ಮೂಗಿಗೆ ಕರವಸ್ತ್ರ ಕಟ್ಟಿದರೆ ಸಾಲದು, ತಕ್ಕ ಮಾಸ್ಕೇ ಬೇಕು. ಇಷ್ಟೆಲ್ಲ ಮಾಡಿದ ಮೇಲೆ ಫೋಟೋದಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ. ಕಾಣದ ಕೆಲಸಕ್ಕೆ ಹೆಬ್ಬೆರಳು ಯಾರು ತೋರಿಸುತ್ತಾರೆ? ಹಾಗಾಗಿ ಮುಕ್ಕಾಲು ಪಾಲು ಜನ ಇಲ್ಲಿಗೆ ಕೈತೊಳೆದು, ಕೆಲವೇ ತಿಂಗಳಲ್ಲಿ ಮತ್ತೆ ಅದೇ ಬನಿಯನ್ನು ಹುಡುಕುತ್ತಾರೆ.

ಒಳಗಡೆ ನೀರು ಹನಿಗಟ್ಟಿದ್ದರೆ ಹೊರಗೆ ತಿಕ್ಕಿ ಪ್ರಯೋಜನವಿಲ್ಲ; ಸೀಲು ಹೋಗಿರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗದ ಅಂಗಡಿಗಳಿಗೇನು ಬರವೇ? "ಹೊಸ ಸೆಟ್ಟೇ ಹಾಕ್ಬಿಡಿ ಸಾರ್" ಅನ್ನುವ ದನಿ ನೀವು ಬಾಯಿ ತೆರೆಯುವ ಮೊದಲೇ ಕೇಳಿಸುತ್ತದೆ.

ಇನ್ನೊಂದು ಜಾತಿಯ ಜಾಣರಿದ್ದಾರೆ. ದೀಪ ಮಂಕಾಯಿತೆಂದು ಲೆನ್ಸು ತಿಕ್ಕುವುದಿಲ್ಲ, ಬಲ್ಬು ದೊಡ್ಡದು ಮಾಡುತ್ತಾರೆ. 60/55 ವಾಟ್ ಇದ್ದ ಕಡೆ 100/90 ತುರುಕುತ್ತಾರೆ. ಮಂಜಾದ ಲೆನ್ಸು ಆ ಬೆಳಕನ್ನು ರಸ್ತೆ ಬಿಟ್ಟು ಮಿಕ್ಕೆಲ್ಲ ಕಡೆಗೂ ಎರಚುತ್ತದೆ. ಅವರಿಗೆ ಗುಂಡಿ ಕಾಣುವುದಿಲ್ಲ, ಎದುರಿನವರಿಗೆ ರಸ್ತೆಯೇ ಕಾಣುವುದಿಲ್ಲ. ಹಿಂದೆ ಹೆಡ್‌ಲೈಟಿನ ಮೇಲೆ ಕಪ್ಪು ಬೊಟ್ಟು ಅಂಟಿಸುತ್ತಿದ್ದದ್ದು ನೆನಪಿದೆಯೆ? ತುಮಕೂರು ರಸ್ತೆಯಲ್ಲಿ ರಾತ್ರಿ ಇಂಥವರು ಎದುರಾದಾಗ ಆ ಬೊಟ್ಟಿನ ಮೇಲೆ ಪ್ರೀತಿ ಉಕ್ಕುತ್ತದೆ.

ಈ ಉಜ್ಜುವ ಉತ್ಸಾಹ ನಮ್ಮವರಿಗೆ ಉಕ್ಕಿ ಬರುವುದು ಆಯುಧಪೂಜೆಯ ಹಿಂದಿನ ಸಂಜೆ. ಕ್ಲಿಯರ್ ಕೋಟು ಪೂರ್ತಿ ಗಟ್ಟಿಯಾಗಲು ಬಿಡುವು ಬೇಕು ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ, ಡಬ್ಬಿಯನ್ನು ಅಜ್ಜಿ ಓದಿರುವುದಿಲ್ಲ. ಬೆಳಿಗ್ಗೆ ಎದ್ದವರೇ, ಇನ್ನೂ ಅಂಟಂಟಾಗಿರುವ ಎರಡೂ ದೀಪಕ್ಕೆ ಮೂರು ಬೆರಳಲ್ಲಿ ವಿಭೂತಿ ಎಳೆದು ನಡುವೆ ಕುಂಕುಮ ಒತ್ತುತ್ತಾರೆ. ಒರೆಸಿದರೂ ಬಾರದು, ತೊಳೆದರೂ ಬಾರದು. ಮುಂದಿನ ಸಲ 800ರ ಕಾಗದ ತರುವವರೆಗೆ ಕಾರು ಅಪ್ಪಟ ಶೈವ.