ಕುಲಾವಿ ಪುರಾಣ

ತಂಗಿಯ ಮಗಳು ಬಸುರಿ ಎಂದು ತಿಳಿದ ದಿನವೇ 4 ಮಿ.ಮೀ. ಕ್ರೋಶಾ ಕಡ್ಡಿ ಹಿಡಿದು ಕುಲಾವಿ ಹೆಣೆಯಲು ಕೂತೆ. ಆಗತಾನೇ ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂ.ಮೀ. ಮಗು ಇನ್ನೂ ಬಂದಿಲ್ಲವಲ್ಲ, ಅಳತೆಗೆ ಸಿಕ್ಕಿದ್ದು ಅಡುಗೆಮನೆಯ ಜುಟ್ಟಿನ ತೆಂಗಿನಕಾಯಿ! ನಡುವಿನಿಂದ ಶುರುಮಾಡಿ ಪ್ರತಿ ಸುತ್ತಿಗೂ ಆರಾರು ಹೊಲಿಗೆ ಹೆಚ್ಚಿಸುತ್ತ ಹೋಗಬೇಕು, ಸರಿಯಾದ ಹೊತ್ತಿಗೆ ಹೆಚ್ಚಿಸುವುದನ್ನು ನಿಲ್ಲಿಸಬೇಕು. ಧಾರಾವಾಹಿಯ ಅತ್ತೆ-ಸೊಸೆ ಜಗಳದಲ್ಲಿ ನನ್ನ ಎಣಿಕೆ ತಪ್ಪಿತು. ನಿಲ್ಲಿಸಲು ಮರೆತಾಗ ಕುಲಾವಿ ದೋಸೆಯಾಯಿತು. ಬೇಗ ನಿಲ್ಲಿಸಿದಾಗ ಒಗ್ಗರಣೆ ಸೌಟಾಯಿತು. ಬಿಚ್ಚಿದೆ, ಹೆಣೆದೆ, ಮತ್ತೆ ಬಿಚ್ಚಿದೆ. ಉಲ್ಲನ್ ದಾರವೇ ಬೇಸತ್ತು ಕೂದಲು ಕೆದರಿಕೊಂಡಿತು. ಅಂತೂ ಮುಗಿಯುವಷ್ಟರಲ್ಲಿ ಮಗುವಿಗೆ ಆರು ತಿಂಗಳು, ತಲೆ 43 ಸೆಂ.ಮೀ.! “ದೊಡ್ಡಮ್ಮಾ, ಇದು ಚೊಂಬಿಗೆ ಹೊದಿಸೋಕಾ?” ಎಂದಳು ಬಾಣಂತಿ. ಈಗ ಅದು ತೆಂಗಿನಕಾಯಿಯನ್ನೇ ಬೆಚ್ಚಗಿಟ್ಟಿದೆ. ನಿಮ್ಮ ಮನೆಯ ಮಗುವಿಗೂ ಕುಲಾವಿ ಬೇಕೇ? ದಯವಿಟ್ಟು ಮದುವೆ ಆಮಂತ್ರಣದ ಜೊತೆಗೇ ತಿಳಿಸಿಬಿಡಿ.